ಟೇಪಿನ ಅಂಚಿನಲ್ಲಿದ್ದ ಕನ್ನಡ

ಕಳೆದ ವರ್ಷದ ಪುಷ್ಯ ಮಳೆಯಲ್ಲಿ ನಡೆದ ಈ ಸಂಗತಿಯನ್ನು ಬರೆಯಬೇಕೋ ಬೇಡವೋ ಎಂದು ಇಷ್ಟು ದಿನ ಮೀನಮೇಷ ಎಣಿಸಿದೆ. ಬರೆದರೆ ಸ್ಟುಡಿಯೋದ ಮಾನಕ್ಕಿಂತ ನನ್ನ ಮಾನವೇ ಹೆಚ್ಚು ಹೋಗುತ್ತದೆ ಎಂಬುದು ಅದಕ್ಕೆ ಕಾರಣ.

ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಒಂದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಸ್ಟುಡಿಯೋ ಇದೆ. ಮದುವೆ ಸೀಸನ್ ಮುಗಿದು ಮಳೆ ಹಿಡಿದ ಮೇಲೆ ನಮಗಿರುವ ಕೆಲಸವೆಂದರೆ ಹಳೆಯ ವಿಎಚ್‌ಎಸ್ ಕ್ಯಾಸೆಟ್‌ಗಳನ್ನು ಕ್ಯಾಪ್ಚರ್ ಮಾಡಿ ಹಾರ್ಡ್ ಡಿಸ್ಕಿಗೆ ತುಂಬಿಸಿಕೊಡುವುದು. ಮಲೆನಾಡಿನ ಕ್ಯಾಸೆಟ್ ಎಂದರೆ ಬೂಷ್ಟು ಹಿಡಿದಿರಲೇಬೇಕು. ಅದನ್ನು ಒರೆಸಿ, ಸುತ್ತಿ, ಟೇಪು ಓದುವ ಹೆಡ್ ತೊಳೆದು, ಟ್ರ್ಯಾಕಿಂಗ್ ಹೊಂದಿಸಿ ಓಡಿಸುವುದರಲ್ಲೇ ಅರ್ಧ ದಿನ ಹೋಗುತ್ತದೆ. ಎರಡು ಗಂಟೆಯ ಟೇಪಿಗೆ ಎರಡು ಗಂಟೆಯೇ ಬೇಕು, ಅದನ್ನು ಬೇಗ ಓದಿಸುವ ಯಂತ್ರವಿಲ್ಲ. ಈ ಮಾತನ್ನು ನಮ್ಮ ಯಜಮಾನರಿಗೆ ಹನ್ನೊಂದು ವರ್ಷಗಳಿಂದ ಹೇಳುತ್ತಿದ್ದರೂ, ಸಂಜೆ ಔಟ್‌ಪುಟ್ ಷೀಟಿನಲ್ಲಿ ಆರಕ್ಕಿಂತ ಕಡಿಮೆ ಅಂಕಿ ಕಂಡರೆ ಅವರ ಮುಖ ಗಂಟಿಕ್ಕಿಕೊಳ್ಳುತ್ತದೆ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಜಪಾನಿ ಕಂಪನಿಯೂ 2016ರ ಜುಲೈನಲ್ಲಿ ಕೈ ಬಿಟ್ಟಿರುವುದರಿಂದ, ನಮ್ಮಲ್ಲಿರುವ ಮೂರು ಡೆಕ್‌ಗಳನ್ನು, ಅಂದರೆ ಕ್ಯಾಸೆಟ್ ಓಡಿಸುವ ಯಂತ್ರಗಳನ್ನು, ನಾವು ಮನೆಯ ಮುದುಕರನ್ನು ನೋಡಿಕೊಳ್ಳುವ ಹಾಗೆ ನೋಡಿಕೊಳ್ಳಬೇಕಾಗಿದೆ. ಮೂರನ್ನೂ ಒಟ್ಟಿಗೆ ಓಡಿಸುವಾಗ ಮೂರು ಶಬ್ದ ಒಂದರ ಮೇಲೊಂದು ಬಿದ್ದು ತಲೆ ಚಿಟ್ಟು ಹಿಡಿಯುವುದರಿಂದ ಸ್ಪೀಕರುಗಳನ್ನು ಮ್ಯೂಟ್‌ನಲ್ಲಿ ಇಡುವುದು ರೂಢಿ. ಮೀಟರಿನ ಹಸಿರು ಪಟ್ಟಿ ಕುಣಿಯುತ್ತಿದ್ದರೆ ಶಬ್ದ ಬರುತ್ತಿದೆ ಎಂದು ಲೆಕ್ಕ. ಈ ರೂಢಿಯನ್ನು ಹಾಕಿಕೊಟ್ಟವನು ನಾನೇ.

ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಿಂದ ನಿವೃತ್ತ ಮೇಷ್ಟ್ರೊಬ್ಬರು 43 ಕ್ಯಾಸೆಟ್‌ಗಳನ್ನು ಎರಡು ಅಡಿಕೆ ಚೀಲಗಳಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ತಂದಿದ್ದರು. ಎಲ್ಲವೂ ಇಂಗ್ಲಿಷಿನ ಹಳೆಯ ಸಾಹಸ ಚಿತ್ರಗಳು: 1933ರ ಕಿಂಗ್ ಕಾಂಗ್, 1938ರ ರಾಬಿನ್ ಹುಡ್, 1940ರ ಬಾಗ್ದಾದಿನ ಕಳ್ಳ, 1969ರ ಮೆಕೆನ್ನಾಸ್ ಗೋಲ್ಡ್, ಹಡಗು, ನಿಧಿ, ಕತ್ತಿ, ಒಂಟೆ ಎಲ್ಲ ಇದ್ದವು. ಲಂಡನ್ನಿನಲ್ಲಿದ್ದ ಅವರ ಭಾವಮೈದ ಪ್ರತಿ ಸಲ ಊರಿಗೆ ಬರುವಾಗ ನಾಲ್ಕೈದು ತರುತ್ತಿದ್ದರಂತೆ. ಅಂಗಡಿಯಲ್ಲಿ ಕೊಂಡ ಅಸಲಿ ಕ್ಯಾಸೆಟ್‌ಗಳಾದ್ದರಿಂದ ಪೆಟ್ಟಿಗೆಗಳೆಲ್ಲ ಗಟ್ಟಿಮುಟ್ಟಾಗಿದ್ದವು. ಪ್ರತಿಯೊಂದರ ಬೆನ್ನಿಗೂ ಮೇಷ್ಟ್ರ ದುಂಡು ಕೈಬರಹದ ಚೀಟಿ, ಜತೆಗೆ ಚಿತ್ರದ ಹೆಸರು, ವರ್ಷ, ಅವಧಿ ಬರೆದಿಟ್ಟ ಒಂದು ನೋಟು ಪುಸ್ತಕ.

ನಿಜ ಹೇಳಬೇಕೆಂದರೆ ಕೆಲಸ ಒಪ್ಪಿಕೊಳ್ಳುವಾಗಲೇ ನನಗೆ ಸ್ವಲ್ಪ ತಾತ್ಸಾರವಿತ್ತು. ಮದುವೆ, ಉಪನಯನ, ಸತ್ತ ಅಜ್ಜನ ಮಾತು ಇರುವ ಕ್ಯಾಸೆಟ್ ಬಂದರೆ ಕೈ ತಾನಾಗಿ ನಿಧಾನವಾಗುತ್ತದೆ. ದುಡ್ಡು ಕೊಟ್ಟರೆ ಇದಕ್ಕಿಂತ ಹತ್ತು ಪಟ್ಟು ಸ್ಪಷ್ಟವಾದ ಪ್ರತಿ ಸಿಗುವ ಸಿನಿಮಾಗಳನ್ನು ಕ್ಯಾಪ್ಚರ್ ಮಾಡಿಸುವವರನ್ನು ಕಂಡರೆ ನನಗೆ ಅರ್ಥವೇ ಆಗುತ್ತಿರಲಿಲ್ಲ. ಒಂದು ವಿಚಿತ್ರವನ್ನು ಮಾತ್ರ ಗಮನಿಸಿದ್ದೆ. ಅಂಗಡಿಯ ಕ್ಯಾಸೆಟ್‌ಗಳ ಬೆನ್ನಿನ ಮೂಲೆಯಲ್ಲಿ ರೆಕಾರ್ಡ್ ಟ್ಯಾಬ್ ಎಂಬ ಪ್ಲಾಸ್ಟಿಕ್ ಚೂರು ಇರುವುದಿಲ್ಲ, ಬರೀ ತೂತು, ಅದು ತೆರೆದಿದ್ದರೆ ಯಂತ್ರ ಆ ಟೇಪಿನ ಮೇಲೆ ಏನನ್ನೂ ರೆಕಾರ್ಡ್ ಮಾಡುವುದಿಲ್ಲ; ಮೇಷ್ಟ್ರ 43ರಲ್ಲೂ ಆ ತೂತಿಗೆ ಸೆಲೋಟೇಪು ಅಂಟಿಸಿತ್ತು. ಅಂಟು ಒಣಗಿ ಹಳದಿಯಾಗಿ, ಮೂಲೆಗಳಲ್ಲಿ ಧೂಳು ಕೂತಿತ್ತು. ಮೇಲೆ ಬೇರೇನನ್ನೋ ರೆಕಾರ್ಡ್ ಮಾಡಬೇಕೆಂದಿದ್ದ ಪುಣ್ಯಾತ್ಮ ಮನಸ್ಸು ಬದಲಿಸಿರಬೇಕು ಎಂದು ನಕ್ಕು ಸುಮ್ಮನಾದೆ. ಚಿತ್ರ ಅಳಿಸಿಲ್ಲ, ಆದರೂ 43 ತೂತುಗಳನ್ನು ಒಂದೊಂದಾಗಿ ಮುಚ್ಚಿದ್ದಾರೆ ಎಂದರೆ ಏನರ್ಥ ಎಂದು ಇಪ್ಪತ್ತು ವರ್ಷ ಡೆಕ್ ಬಿಚ್ಚಿದವನಿಗೆ ಅರೆಕ್ಷಣದಲ್ಲಿ ಹೊಳೆಯಬೇಕಿತ್ತು.

ಎರಡು ವಾರದಲ್ಲಿ ಕೆಲಸ ಮುಗಿಸಿ ಡಿಸ್ಕ್ ಕೊಟ್ಟೆವು. ಮನೆ ಸಣ್ಣದು, ಕ್ಯಾಸೆಟ್ ವಾಪಸ್ ಬೇಡ ಎಂದು ಮೇಷ್ಟ್ರು ಫಾರಂನಲ್ಲಿ ಸಹಿ ಮಾಡಿದ್ದರು. ಅಂಥವನ್ನು ಹಿಂದಿನ ಬಾಲ್ಕನಿಯಲ್ಲಿ ಗುಜರಿಯವನಿಗಾಗಿ ಇಡುವುದು ನಮ್ಮ ಪದ್ಧತಿ.

ನಾಲ್ಕನೆಯ ದಿನ ಅವರಿಂದ ಫೋನು ಬಂತು. ಮೆಕೆನ್ನಾಸ್ ಗೋಲ್ಡ್ ತಮ್ಮ ಪುಸ್ತಕದಲ್ಲಿ 128 ನಿಮಿಷವಿದೆ, ನೀವು ಕೊಟ್ಟದ್ದು 123 ನಿಮಿಷ, ಐದು ನಿಮಿಷ ಎಲ್ಲಿ ಕತ್ತರಿಸಿದಿರಿ ಎಂದು ಕೇಳಿದರು. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮು, ಪಾಲ್ ಎಂಬ ಟಿವಿ ಪದ್ಧತಿಯ ಈ ಕ್ಯಾಸೆಟ್ಟಿನಲ್ಲಿ 25. ಆದ್ದರಿಂದ ಕ್ಯಾಸೆಟ್ಟಿನ ಎಲ್ಲ ಚಿತ್ರಗಳೂ ನೂರಕ್ಕೆ ನಾಲ್ಕು ಪಾಲು ಬೇಗ ಮುಗಿಯುತ್ತವೆ, ಏನೂ ಕತ್ತರಿಸಿಲ್ಲ ಎಂದು ವಿವರಿಸಿದೆ. ಗುಣಾಕಾರ ಮಾಡಿ ನೋಡಿದ ಮೇಷ್ಟ್ರು, ಸರಿಯಾಗಿದೆ ಎಂದು ಸಂತೋಷಪಟ್ಟರು. ಆ ಗೆಲುವು ನನ್ನ ತಲೆಗೇರಿತು. ಮತ್ತೆ ಐದು ದಿನ ಬಿಟ್ಟು ಅವರೇ ಕೊಡೆ ಹಿಡಿದು ಮೆಟ್ಟಿಲು ಹತ್ತಿ ಬಂದಾಗ, ಇನ್ನೊಂದು ಪಾಠ ಹೇಳಿ ಕಳಿಸಿದರಾಯಿತು ಎಂದುಕೊಂಡೇ ಕುರ್ಚಿ ಕೊಟ್ಟೆ.

"ಅಲ್ಲ ಮಾರಾಯ, ಇದರಲ್ಲಿ ನನ್ನ ಮಾತೇ ಇಲ್ಲವಲ್ಲ?" ಎಂದರು.

ಯಾವ ಮಾತು ಎಂದೆ. ಆಗ ತಿಳಿಯಿತು. ತೊಂಬತ್ತರ ದಶಕದಲ್ಲಿ ಭಾನುವಾರ ಅವರ ಮನೆಯ ಜಗುಲಿಯಲ್ಲಿ ಊರಿನ ಮಕ್ಕಳು, ತೋಟದ ಕೆಲಸದವರ ಮಕ್ಕಳು ಸೇರಿ ಈ ಚಿತ್ರಗಳನ್ನು ನೋಡುತ್ತಿದ್ದವು. ಇಂಗ್ಲಿಷ್ ಯಾರಿಗೂ ಬಾರದು. ಮೇಷ್ಟ್ರು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಕಥೆ ಹೇಳುತ್ತಿದ್ದರು. ಒಂದು ವರ್ಷ ಅವರಿಗೆ ದೂರದ ಶಾಲೆಗೆ ವರ್ಗವಾಯಿತು. ತಾವಿಲ್ಲದ ಭಾನುವಾರಗಳಲ್ಲೂ ಕಥೆ ನಿಲ್ಲಬಾರದೆಂದು ಬೇಸಿಗೆ ರಜೆಯಿಂದ ಮಳೆಗಾಲದವರೆಗೂ ರಾತ್ರಿಯೆಲ್ಲ ಮೈಕ್ ಹಿಡಿದು ಕೂತು, ಚಿತ್ರವನ್ನು ಹಾಗೆಯೇ ಬಿಟ್ಟು ಶಬ್ದವನ್ನಷ್ಟೇ ಹೊಸದಾಗಿ ತುಂಬುವ, ವಿಸಿಆರ್‌ನ ಆಡಿಯೋ ಡಬ್ ಗುಂಡಿ ಒತ್ತಿ, ಎಲ್ಲ ಚಿತ್ರಗಳಿಗೂ ತಮ್ಮ ಮಾತು ತುಂಬಿದ್ದರು. ಆ ಮಕ್ಕಳು ಈಗ ನಲವತ್ತು ದಾಟಿದವರು. ಅವರಲ್ಲಿ ಕೆಲವರು ಮೇಷ್ಟ್ರ ಕಥೆಯಿರುವ ಪ್ರತಿ ಬೇಕೆಂದು ದುಡ್ಡು ಕೂಡಿಸಿದ್ದರು. ನಮ್ಮ ಬಿಲ್ಲು ಕಟ್ಟಿದ್ದು ಆ ದುಡ್ಡಿನಿಂದ.

"ಆನೆ ಹುಡುಗನ ಕ್ಯಾಸೆಟ್ಟೂ ಸೇರಿ ನಾಲ್ಕರಲ್ಲಿ ನನ್ನ ಮಾತಿದೆ, ಉಳಿದವುಗಳಲ್ಲಿ ಇಂಗ್ಲಿಷೇ ಬರ್ತದೆ" ಎಂದರು. 1937ರ ಆ ಚಿತ್ರದಲ್ಲಿ (ಎಲಿಫೆಂಟ್ ಬಾಯ್) ಆನೆ ಹುಡುಗನಾಗಿ ನಟಿಸಿದ ಸಾಬು ನಮ್ಮ ಮೈಸೂರು ಸೀಮೆಯ ಮಾವುತನ ಮಗ. ಅದರ ಮೇಲೆ ಮೇಷ್ಟ್ರಿಗೆ ವಿಶೇಷ ಮಮತೆ, ಆದ್ದರಿಂದ ಮೊದಲು ಅದನ್ನೇ ಹಾಕಿ ಕೇಳಿ, ಉಳಿದವೂ ಹಾಗೆಯೇ ಇರುತ್ತವೆಂದು ನಂಬಿದ್ದರಂತೆ.

ಈಗ ನಾನು ಹೇಳಿದ ಮಾತನ್ನು ನೆನೆದರೆ ಮೈ ಹಿಡಿಯಾಗುತ್ತದೆ. ನಾಲ್ಕರಲ್ಲಿ ಬಂದಿದೆ ಎಂದರೆ ನಮ್ಮ ಯಂತ್ರ ಸರಿಯಿದೆ ಎಂದಾಯಿತು. ನೀವು ನಾಲ್ಕಕ್ಕೆ ಮಾತ್ರ ಮಾತಾಡಿರಬೇಕು, ಮೂವತ್ತು ವರ್ಷದ ಹಿಂದಿನದು, ನೆನಪು ಹಿಂದೆಮುಂದೆ ಆಗುತ್ತದೆ ಮೇಷ್ಟ್ರೇ, ಎಂದುಬಿಟ್ಟೆ. ಅವರು ಕೋಪಿಸಿಕೊಳ್ಳಲಿಲ್ಲ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ಆ ವರ್ಷ ನನ್ನ ಗಂಟಲು ಹೋಗಿ ಎರಡು ತಿಂಗಳು ಕಷಾಯ ಕುಡಿದಿದ್ದೆ. ನಾಲ್ಕಕ್ಕೆ ಗಂಟಲು ಹೋಗ್ತದಾ?" ಎಂದು ಕೇಳಿದರು.

ಆಗ ಪಕ್ಕದಲ್ಲಿದ್ದ ನಮ್ಮ ಹುಡುಗ ಮೆಲ್ಲಗೆ, ಅಣ್ಣಾ, ನಾಲ್ಕರದು ಷೀಟಿನಲ್ಲಿ ಬರೆದಿದ್ದೆನಲ್ಲ ಎಂದ. ತೆಗೆದು ನೋಡಿದರೆ ರಿಮಾರ್ಕ್ ಕಾಲಂನಲ್ಲಿ, "ಸಿನಿಮಾ ಸೌಂಡ್ ಇಲ್ಲ, ಯಾರೋ ಕನ್ನಡ ಮಾತಾಡ್ತಾರೆ" ಎಂದು ನಾಲ್ಕು ಸಲ ಬರೆದಿತ್ತು. ಕೆಳಗೆ ನಾಲ್ಕು ಸಲವೂ ನನ್ನ ಸಹಿ. ಆ ನಾಲ್ಕೂ ಹೈಫೈ ಗುರುತಿಲ್ಲದ ಹಳೆಯ ಕ್ಯಾಸೆಟ್‌ಗಳು ಎಂಬುದು ಅದನ್ನು ಓದುತ್ತಿದ್ದ ಹಾಗೆಯೇ ಹೊಳೆಯಿತು, ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು. ಹೈಫೈ ಕ್ಯಾಸೆಟ್ಟಿನಲ್ಲಿ ಶಬ್ದ ಎರಡು ಕಡೆ ಇರುತ್ತದೆ: ಒಂದು, ತಿರುಗುವ ಡ್ರಮ್ಮು ಚಿತ್ರದ ಅಡಿಯಲ್ಲೇ ಬರೆದದ್ದು, ಇನ್ನೊಂದು, ಟೇಪಿನ ಮೇಲಂಚಿನ ಸಪೂರ ಪಟ್ಟಿಯಲ್ಲಿ ಇರುವುದು. ಆಡಿಯೋ ಡಬ್ ಮುಟ್ಟುವುದು ಅಂಚಿನದನ್ನು ಮಾತ್ರ, ಅದಕ್ಕೂ ಟ್ಯಾಬಿನ ತೂತು ಮುಚ್ಚಿರಬೇಕು. ಡೆಕ್ಕಿಗೆ ಹೈಫೈ ಸಿಕ್ಕಿದರೆ ಅಂಚಿನ ಕಡೆ ಅದು ತಿರುಗಿಯೂ ನೋಡುವುದಿಲ್ಲ. ನಮ್ಮ ಮೂರು ಡೆಕ್‌ಗಳೂ ಹೈಫೈಗೇ ಸೆಟ್ ಆಗಿದ್ದವು, ಅದೂ ನನ್ನ ಕೈಯ ಸೆಟ್ಟಿಂಗು. ಮೇಷ್ಟ್ರ ದನಿಯ ಮೇಲೆ 39 ಕ್ಯಾಸೆಟ್‌ಗಳನ್ನು ಓಡಿಸಿ, ಒಂದಕ್ಷರವನ್ನೂ ಕೇಳದೆ, ಹಸಿರು ಪಟ್ಟಿ ಕುಣಿಯುವುದನ್ನು ನೋಡಿ ಟಿಕ್ ಹಾಕಿದ್ದೆ.

ಗುಜರಿಯವನು ಬಂದಿದ್ದನೇ ಎಂದು ಹುಡುಗನ ಕಿವಿಯಲ್ಲಿ ಕೇಳಿದೆ. ಗೊತ್ತಿಲ್ಲ ಎಂದ. ಮೇಷ್ಟ್ರಿಗೆ ಕಾಫಿ ತರಿಸಲು ಹೇಳಿ, ನಡಿಗೆಯಲ್ಲಿ ಅವಸರ ಕಾಣದಂತೆ ನೋಡಿಕೊಳ್ಳುತ್ತ ಹಿಂದಿನ ಬಾಗಿಲಿಗೆ ಹೋದೆ. ಆ ಹದಿನೈದು ಹೆಜ್ಜೆಗಳಲ್ಲಿ, ಚೀಲ ಇಲ್ಲದಿದ್ದರೆ ಏನು ಹೇಳುವುದೆಂದು ಮೂರು ಸುಳ್ಳುಗಳನ್ನು ಸಿದ್ಧಮಾಡಿಕೊಂಡಿದ್ದೆ. ಅದನ್ನೂ ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ. ಚೀಲಗಳು ಇದ್ದವು. ಒಂಬತ್ತು ದಿನ ಬಿಡದೆ ಹೊಯ್ದ ಮಳೆಗೆ ಗುಜರಿಯವನು ಗಾಡಿಯನ್ನೇ ಹೊರಗೆ ತೆಗೆದಿರಲಿಲ್ಲ. ಅದೇ ಮಳೆಗೆ ಶೀಟಿನ ದೋಣಿ ಒಂದು ಕಡೆ ಬಾಯಿ ಬಿಟ್ಟು, ಎರಡನೆಯ ಚೀಲದ ಮೇಲೆ ನೀರು ಧಾರೆಯಾಗಿ ಬೀಳುತ್ತಿತ್ತು. ಚೀಲದ ಬಾಯಿ ಬಿಚ್ಚಿದಾಗ ಮೇಲಿನ ಸಾಲಿನ ಕ್ಯಾಸೆಟ್ಟಿನ ಕಿಟಕಿಯೊಳಗೆ ನೀರು ಅತ್ತಿತ್ತ ತುಳುಕಿತು.

ಒಣಗಿದ್ದ ಚೀಲದಿಂದ ರಾಬಿನ್ ಹುಡ್ ತೆಗೆದುಕೊಂಡು ಬಂದು, ಹೆಡ್ ಒರೆಸಿ, ಡೆಕ್ಕಿಗೆ ಹಾಕಿ, ಮ್ಯೂಟ್ ತೆಗೆದು, ಆಡಿಯೋ ಗುಂಡಿಯನ್ನು ಹೈಫೈಯಿಂದ ನಾರ್ಮಲ್‌ಗೆ ಒತ್ತಿದೆ. ಒಂದು ಕ್ಷಣ ಬರೀ ಸುಯ್ಯೆನ್ನುವ ಸದ್ದು. ಅದು ಟೇಪಿನ ಸದ್ದಲ್ಲ, ಹಂಚಿನ ಮೇಲೆ ಬೀಳುತ್ತಿದ್ದ ಮಳೆ ಎಂದು ಗೊತ್ತಾಗುವಷ್ಟರಲ್ಲಿ, ಈಗಿನದಕ್ಕಿಂತ ಎಷ್ಟೋ ಗಟ್ಟಿಯಾದ ದನಿಯೊಂದು, "ಈಗ ನೋಡ್ರೋ, ಅವ್ನ ಬಾಣವನ್ನೇ ಇವ್ನ ಬಾಣ ಸೀಳಿಕೊಂಡು ಹೋಗ್ತದೆ" ಎಂದಿತು. ಪರದೆಯ ಮೇಲೆ ಬಾಣ ಸೀಳಿತು. ಮೇಷ್ಟ್ರು ಕಾಫಿ ಲೋಟ ಕೆಳಗಿಡಲಿಲ್ಲ, ಕುಡಿಯಲೂ ಇಲ್ಲ. ನಾನು ಕ್ಷಮೆ ಕೇಳಿದೆ. ಕ್ಷಮೆಯ ಮಾತು ಅವರಿಗೆ ಬೇಕಿರಲಿಲ್ಲ. ಎರಡನೆಯ ಚೀಲ ಎಲ್ಲಿ ಎಂದು ಕೇಳಿದರು.

ಎಂಟು ಕ್ಯಾಸೆಟ್‌ಗಳಿಗೆ ನೀರು ಹೊಕ್ಕಿತ್ತು. ಉಳಿದ 31ನ್ನು ಮತ್ತೆ ಓಡಿಸಿ, ಅಂಚಿನ ಶಬ್ದ ತೆಗೆದು, ಹಳೆಯ ಫೈಲಿನ ಇಂಗ್ಲಿಷ್ ಶಬ್ದದ ಜತೆ ಫ್ರೇಮಿಗೆ ಫ್ರೇಮು ಹೊಂದಿಸಿ ಕೂಡಿಸಿದೆವು. ಎರಡು ಸಲ ಓಡಿಸಿದ ಟೇಪು ಒಂದೇ ವೇಗದಲ್ಲಿ ಓಡುವುದಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ತುಟಿಯೂ ಮಾತೂ ಬೇರೆಯಾಗುತ್ತಿದ್ದವು, ಮತ್ತೆ ಕತ್ತರಿಸಿ ಕೂರಿಸಬೇಕಾಗುತ್ತಿತ್ತು. ಯಜಮಾನರು ಆ ದಿನಗಳ ಔಟ್‌ಪುಟ್ ಷೀಟಿನಲ್ಲಿ ಈ ಕೆಲಸಕ್ಕೆ ಸೊನ್ನೆ ಹಾಕಿದರು, ಮರು ಕೆಲಸಕ್ಕೆ ಅಂಕಿಯಿಲ್ಲವಂತೆ. ಈಗ ಫಾರಂಗೆ ಹದಿನೈದನೆಯ ಕಾಲಂ ಸೇರಿದೆ: "ವಿಶೇಷ ಆಡಿಯೋ ಇದೆಯೇ?" ಗಿರಾಕಿಗಳಿಗೆ ಅದು ಏನೆಂದು ಗೊತ್ತಿಲ್ಲ, ಕೌಂಟರಿನವರು ಕೇಳುವುದಿಲ್ಲ, ಎಲ್ಲದರಲ್ಲೂ "ಇಲ್ಲ" ಎಂದು ತುಂಬಿರುತ್ತದೆ. ಕ್ಯಾಸೆಟ್ ಕೈಗೆ ಬಂದಾಗ ನಾನು ಮೊದಲು ಬೆನ್ನಿನ ಮೂಲೆ ನೋಡುತ್ತೇನೆ, ಆಮೇಲೆ ಗಿರಾಕಿಗೆ ಫೋನು ಮಾಡಿ ಇದರಲ್ಲಿ ಏನಿದೆ ಎಂದು ಕೇಳುತ್ತೇನೆ. ಮೂರು ಡೆಕ್‌ಗಳಲ್ಲಿ ಒಂದರ ಮ್ಯೂಟ್ ಯಾವಾಗಲೂ ತೆಗೆದಿರುತ್ತದೆ.

ನೀರು ಕುಡಿದ ಎಂಟನ್ನು ಬಿಚ್ಚಿ, ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು, ಬಿಸಿ ತಾಗಿಸದೆ ಫ್ಯಾನಿನ ಗಾಳಿಗೆ ವಾರಗಟ್ಟಲೆ ಆರಿಸಿ, ಹೊಸ ಕವಚಕ್ಕೆ ಹಾಕಿದೆ. ಐದು ಬದುಕಿದವು. ಉಳಿದ ಮೂರರಲ್ಲಿ ಟೇಪಿನ ಮೇಲಂಚು ಮುದುರಿಹೋಗಿದೆ. ಚಿತ್ರವೂ ಹೈಫೈ ಇಂಗ್ಲಿಷೂ, ಅಂದರೆ ಯಾವ ಅಂಗಡಿಯಲ್ಲಾದರೂ ಸಿಗುವುದೆಲ್ಲವೂ, ಎಲ್ಲೂ ಕಡಿಯದೆ, ಒಂದು ಡ್ರಾಪ್‌ಔಟ್ ಕೂಡ ಇಲ್ಲದೆ ಬರುತ್ತದೆ. ಮೇಷ್ಟ್ರ ದನಿ ಮಾತ್ರ ಬಿಟ್ಟು ಬಿಟ್ಟು ಕೇಳಿಸುತ್ತದೆ. ಹಾಳಾದರೂ ಚಿಂತೆಯಿಲ್ಲ ಎನ್ನುವಂಥ ಹಳೆಯ ಡೆಕ್ ಒಂದರಲ್ಲಿ ಆಡಿಯೋ ಹೆಡ್ಡಿನ ಸ್ಕ್ರೂ ತಿರುಗಿಸಿ, ಹೆಡ್ಡನ್ನು ಕೂದಲೆಳೆಯಷ್ಟು ಕೆಳಗಿಳಿಸಿದರೆ, ಮುದುರದ ಭಾಗದಿಂದ ಕೆಲವು ಮಾತುಗಳು ಸಿಗುತ್ತವೆ. ಒಂದೇ ಸ್ಥಾನ ಇಡೀ ಟೇಪಿಗೆ ಒಗ್ಗುವುದಿಲ್ಲ, ಹೆಚ್ಚು ಇಳಿಸಿದರೆ ಟೇಪಿನ ಓಟವನ್ನು ಹಿಡಿತದಲ್ಲಿಡುವ ಕೆಳಂಚಿನ ಕಂಟ್ರೋಲ್ ಟ್ರ್ಯಾಕ್ ತಪ್ಪಿ ಚಿತ್ರವೇ ಉರುಳುತ್ತದೆ. ಭಾನುವಾರ ಅರ್ಧ ದಿನ ಇದಕ್ಕೇ ಕೂರುತ್ತೇನೆ.

ಕಿಂಗ್ ಕಾಂಗ್ ಈ ಮೂರರಲ್ಲಿ ಒಂದು. ಹೋದ ವಾರ ಅದರಲ್ಲಿ ಗೊರಿಲ್ಲಾ ಮೊದಲ ಸಲ ಮರಗಳನ್ನು ಸರಿಸಿಕೊಂಡು ಬರುವ ಜಾಗದಲ್ಲಿ, ಯಾವುದೋ ಮಗು ಅಳುವ ಸದ್ದು, ಅದರ ಹಿಂದೆಯೇ ಮೇಷ್ಟ್ರು, "ಹೆದರ್ಬೇಡ ಪುಟ್ಟಾ, ಅದು ಗೊಂಬೆ, ಒಂದೂವರೆ ಅಡಿ ಗೊಂಬೆ" ಎನ್ನುವುದು ಸಿಕ್ಕಿತು. ಆಮೇಲೆ ಹನ್ನೊಂದು ಸೆಕೆಂಡು ಏನೂ ಇಲ್ಲ. ಸ್ಕ್ರೂವನ್ನು ಇನ್ನೂ ಕಾಲು ಸುತ್ತು ತಿರುಗಿಸಿ ಈ ಭಾನುವಾರ ನೋಡಬೇಕು.