ಕೊಡಗಿನ ಮಳೆಗೆ ಸಿಕ್ಕ ಆರ್ಕೇಡ್ ಮಾನಿಟರ್ ರಿಪೇರಿ

ಹಳೆಯ ಆರ್ಕೇಡ್ ಗೇಮ್ ಮಾನಿಟರ್‌ನಲ್ಲಿ ಕೈತಪ್ಪಿದರೆ ಮತ್ತೆ ಸಿಗುವುದು ತೀರಾ ಕಷ್ಟವಾದ ಭಾಗ ಪಿಕ್ಚರ್ ಟ್ಯೂಬ್. ಟ್ರಾನ್ಸಿಸ್ಟರ್, ಕೆಪಾಸಿಟರ್, ಐಸಿಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಲೆದರೆ ಅವೇ ಅಥವಾ ಸಮನಾದವು ಬಹುಪಾಲು ದೊರೆಯುತ್ತವೆ. ಆದ್ದರಿಂದ ಮೊದಲು ಟ್ಯೂಬ್ ಉಳಿಯಲಿ, ಚಿತ್ರ ಆಮೇಲೆ ಬಂದೀತು. ಮಡಿಕೇರಿಯಲ್ಲಿ ವರ್ಷದ ಸರಾಸರಿ ಮಳೆ 3,000 ಮಿ.ಮೀ. ದಾಟುತ್ತದೆ. ಕಕ್ಕಡದಲ್ಲಿ (ಜುಲೈ–ಆಗಸ್ಟ್ ನಡುವಿನ ಕೊಡವ ತಿಂಗಳು) ಚರ್ಮದ ಬೆಲ್ಟಿಗೇ ಬೂಷ್ಟು ಹಿಡಿಯುವ ಊರಲ್ಲಿ, ತಿಂಗಳುಗಟ್ಟಲೆ ಸುಮ್ಮನೆ ನಿಂತ ಮಾನಿಟರ್‌ಗೆ ನೇರವಾಗಿ ಕರೆಂಟ್ ಕೊಡಲೇಬಾರದು.

ಪ್ಲಗ್ ಕಿತ್ತ ಮೇಲೂ ಟ್ಯೂಬ್‌ನಲ್ಲಿ ಚಾರ್ಜ್ ಉಳಿದಿರುತ್ತದೆ. 19–20 ಇಂಚಿನ ಬಣ್ಣದ ಟ್ಯೂಬ್ ನಡೆಯುವಾಗ ಆನೋಡ್‌ನಲ್ಲಿ, ಅಂದರೆ ಟ್ಯೂಬ್ ಬೆನ್ನಿನ ರಬ್ಬರ್ ಟೋಪಿಯಡಿಯ ಲೋಹದಲ್ಲಿ, 20,000 ವೋಲ್ಟ್ ಆಸುಪಾಸು ಇರುತ್ತದೆ. ಪ್ಲಾಸ್ಟಿಕ್ ಹಿಡಿಯ ಚಪ್ಪಟೆ ಸ್ಕ್ರೂಡ್ರೈವರ್‌ಗೆ ಕ್ಲಿಪ್ ವೈರ್ ಕಟ್ಟಿ, ವೈರಿನ ಇನ್ನೊಂದು ತುದಿಯನ್ನು ಟ್ಯೂಬ್ ಬೆನ್ನಿನ ಕಪ್ಪು ಲೇಪದ ಮೇಲೆ ಹಾದುಹೋಗುವ ಹೆಣೆದ ಬರಿ ತಂತಿಗೆ ಹಾಕಿ. ಬೋರ್ಡಿನ ಗ್ರೌಂಡಿಗೆ ಹಾಕಿದರೆ ಆ ಹೊಡೆತ ಐಸಿಗಳ ಮೂಲಕ ಹರಿದು ಅವನ್ನು ಸುಡಬಹುದು. ಸ್ಕ್ರೂಡ್ರೈವರ್ ತುದಿಯನ್ನು ರಬ್ಬರ್ ಟೋಪಿಯಡಿ ಲೋಹ ತಾಗುವವರೆಗೆ ತೂರಿಸಿ. ಇನ್ನೊಂದು ಕೈ ಜೇಬಿನಲ್ಲಿರಲಿ. ಐದು ನಿಮಿಷ ಬಿಟ್ಟು ಮತ್ತೊಮ್ಮೆ ಹೀಗೇ ಮಾಡಿ, ಏಕೆಂದರೆ ಗಾಜಿನಲ್ಲಿ ಅಡಗಿದ ಚಾರ್ಜ್ ಸ್ವಲ್ಪ ತಿರುಗಿ ಬರುತ್ತದೆ. 230 ವೋಲ್ಟ್ ಅನ್ನು ನೇರವಾಗಿ ಡಿಸಿ ಮಾಡುವ ಚಾಸಿಗಳಲ್ಲಿ (ಚಾಸಿ ಎಂದರೆ ಮಾನಿಟರ್‌ನ ಮುಖ್ಯ ಸರ್ಕ್ಯೂಟ್ ಬೋರ್ಡ್) ದೊಡ್ಡ ಫಿಲ್ಟರ್ ಕೆಪಾಸಿಟರ್‌ನಲ್ಲೂ 325 ವೋಲ್ಟ್‌ವರೆಗೆ ನಿಂತಿರುತ್ತದೆ. ಅದನ್ನು 2.2 ಕಿಲೋ ಓಮ್, 10 ವಾಟ್ ರೆಸಿಸ್ಟರ್ ಮೂಲಕ ಇಳಿಸಿ, ಮೀಟರ್‌ನಲ್ಲಿ ನೋಡಿಯೇ ಮುಟ್ಟಿ. ಟ್ಯೂಬಿನ ಕುತ್ತಿಗೆಯ ಬೋರ್ಡನ್ನು ಅಲ್ಲಾಡಿಸದೆ ನೇರ ಹಿಂದಕ್ಕೆ ಎಳೆಯಿರಿ. ಕುತ್ತಿಗೆಯ ಗಾಜು ಒಂದು ಚೂರು ಸೀಳಿದರೂ ಟ್ಯೂಬಿನೊಳಗೆ ಗಾಳಿ ಹೊಕ್ಕು ಎಲ್ಲ ಮುಗಿಯಿತು.

ಈಗ ಒಣಗಿಸುವ ಕೆಲಸ. ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದು, ಆನೋಡ್ ಟೋಪಿಯ ಒಳಗೂ ಸುತ್ತಲಿನ ಗಾಜನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಕಪ್ಪು ಲೇಪವನ್ನು ಮಾತ್ರ ಉಜ್ಜಬೇಡಿ, ಅದು ಟ್ಯೂಬಿನದೇ ಭಾಗ. ಆನ್ ಮಾಡಿದಾಗ ಬರುವ ‘ಸ್‌ಸ್’ ಸದ್ದು, ಓಝೋನ್ ವಾಸನೆಗೆ ಇಲ್ಲಿ ಬಹಳ ಸಲ ಈ ತೇವದ ಧೂಳೇ ಕಾರಣ. ಚಾಸಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, 40 ವಾಟ್ ಫಿಲಮೆಂಟ್ ಬಲ್ಬನ್ನು ಎಲ್ಲಿಯೂ ತಾಗದಂತೆ ತೂಗುಹಾಕಿ, ಕಣ್ಣೆದುರೇ ಒಂದು ದಿನ ಒಣಗಿಸಿ. ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ. ಹೊಗೆಯ ಮಸಿ ಇಂಗಾಲ, ತೇವ ಸೇರಿದರೆ ಅದೇ ಕರೆಂಟಿಗೆ ದಾರಿಯಾಗುತ್ತದೆ.

ಅನೇಕರು ಇಲ್ಲಿಂದ ನೇರವಾಗಿ ಕೆಪಾಸಿಟರ್ ಬದಲಿಸಲು ಹೊರಡುತ್ತಾರೆ. ಅದಕ್ಕೂ ಮೊದಲು ಡ್ರೈ ಸೋಲ್ಡರ್, ಅಂದರೆ ಬಿರುಕುಬಿಟ್ಟ ಬೆಸುಗೆ, ಹುಡುಕಿ. ಭೂತಗನ್ನಡಿ ಹಿಡಿದರೆ ಕಾಲಿನ ಸುತ್ತ ಕೂದಲೆಳೆಯಂಥ ಕಪ್ಪು ಉಂಗುರ ಕಾಣುತ್ತದೆ. ಫ್ಲೈಬ್ಯಾಕ್ (ಆನೋಡ್ ವೋಲ್ಟೇಜ್ ಹುಟ್ಟಿಸುವ ಟ್ರಾನ್ಸ್‌ಫಾರ್ಮರ್), ಹಾರಿಜಾಂಟಲ್ ಡ್ರೈವರ್ ಟ್ರಾನ್ಸ್‌ಫಾರ್ಮರ್, ಯೋಕ್ (ಟ್ಯೂಬಿನ ಕುತ್ತಿಗೆ ಸುತ್ತಲಿನ ತಂತಿ ಸುರುಳಿ) ಕನೆಕ್ಟರ್, ಕುತ್ತಿಗೆ ಸಾಕೆಟ್, ಬಿಸಿಯಾಗುವ ದೊಡ್ಡ ರೆಸಿಸ್ಟರ್‌ಗಳು: ಈ ಜಾಗಗಳಲ್ಲಿ ಹಳೆಯ ಸೋಲ್ಡರ್ ಹೀರಿ ತೆಗೆದು ಹೊಸದು ಹಾಕಿ. ಡ್ರೈವರ್ ಟ್ರಾನ್ಸ್‌ಫಾರ್ಮರ್ ಕಾಲು ಸಡಿಲವಾದರೆ ಫ್ಲೈಬ್ಯಾಕ್ ನಡೆಸುವ ಲೈನ್ ಔಟ್‌ಪುಟ್ ಟ್ರಾನ್ಸಿಸ್ಟರ್‌ಗೆ ಬೇಸ್ ಕರೆಂಟ್ ಸಾಲದು. ಅದು ಪೂರ್ತಿ ಆನ್ ಆಗದೆ ಕಾದು ಶಾರ್ಟ್ ಆಗುತ್ತದೆ. ಕಾರಣ ಬಿಟ್ಟು ಟ್ರಾನ್ಸಿಸ್ಟರ್ ಮಾತ್ರ ಬದಲಿಸಿದರೆ ಹೊಸದೂ ಕೆಲವೇ ಹೊತ್ತಿನಲ್ಲಿ ಹೋಗುತ್ತದೆ.

ಆ ಟ್ರಾನ್ಸಿಸ್ಟರ್ ಅಳೆಯುವಾಗ ಕಲೆಕ್ಟರ್–ಎಮಿಟರ್ ನಡುವೆ ಎರಡೂ ದಿಕ್ಕಿನಲ್ಲಿ ಬೀಪ್ ಬಂದರೆ ಶಾರ್ಟ್. ಬೇಸ್–ಎಮಿಟರ್ ನಡುವೆ ಕಡಿಮೆ ಓಮ್ ಕಂಡ ಮಾತ್ರಕ್ಕೆ ಕೆಟ್ಟಿದೆ ಎನ್ನಬೇಡಿ. ಬೋರ್ಡಿನಲ್ಲಿದ್ದಾಗ ಡ್ರೈವರ್ ಟ್ರಾನ್ಸ್‌ಫಾರ್ಮರ್ ಸುತ್ತೇ ಹಾಗೆ ತೋರಿಸುತ್ತದೆ, ಕೆಲವು ಟ್ರಾನ್ಸಿಸ್ಟರ್‌ಗಳ ಒಳಗೂ ರೆಸಿಸ್ಟರ್ ಇರುತ್ತದೆ. ಹೊಸದು ಕೂರಿಸುವಾಗ ಹಿಂದಿನ ಮೈಕಾ ಹಾಳೆ, ಹೀಟ್‌ಸಿಂಕ್ ಪೇಸ್ಟ್ ಮರೆಯಬೇಡಿ. ಹತ್ತಿರದ 1.6–2 ಕಿಲೋವೋಲ್ಟ್‌ನ ಪಾಲಿಪ್ರೊಪಿಲೀನ್ ಕೆಪಾಸಿಟರ್ ಮೌಲ್ಯ ಬದಲಿಸಲೇಬಾರದು. ಅದು ಕಡಿಮೆಯಾದರೆ ಅಥವಾ ಓಪನ್ ಆದರೆ ಆನೋಡ್ ವೋಲ್ಟೇಜ್ ಏರಿ ಟ್ರಾನ್ಸಿಸ್ಟರ್ ಒಡೆಯುತ್ತದೆ.

ಮೊದಲ ಪವರ್ ಸೀರೀಸ್ ಬೋರ್ಡಿನಲ್ಲೇ, ಅಂದರೆ ಬಲ್ಬ್ ಒಂದರ ಮೂಲಕ ಹಾದು ಬರುವಂತೆ, ಕೊಡಿ. 100 ವಾಟ್ ಫಿಲಮೆಂಟ್ ಬಲ್ಬ್ ಬೇಕು, ಎಲ್‌ಇಡಿ ಆಗದು. ಒಮ್ಮೆ ಝಗ್ಗನೆ ಹೊತ್ತಿ ಮಂಕಾದರೆ ಮುಂದುವರಿಯಬಹುದು. ಹೊತ್ತಿಕೊಂಡೇ ಇದ್ದರೆ ಎಲ್ಲೋ ಶಾರ್ಟ್ ಉಳಿದಿದೆ. ಬಲ್ಬ್ ಬಿಟ್ಟು ನೇರ ಪವರ್ ಕೊಟ್ಟ ಕೂಡಲೇ ಬಿ ಪ್ಲಸ್, ಅಂದರೆ ಚಾಸಿಯ ಮುಖ್ಯ ಡಿಸಿ ವೋಲ್ಟೇಜ್, ಅಳೆಯಿರಿ. ಎಲೆಕ್ಟ್ರೋಹೋಮ್ ಜಿ07 ಚಾಸಿಯಲ್ಲಿ ಅದು 120 ವೋಲ್ಟ್, ಬೇರೆಯವಕ್ಕೆ ಸರ್ಕ್ಯೂಟ್ ನಕ್ಷೆ ನೋಡಿ. ಜಿ07ನಂಥ ಉತ್ತರ ಅಮೆರಿಕದ ಚಾಸಿಗಳಿಗೆ ನಮ್ಮ 230 ವೋಲ್ಟ್ ಅನ್ನು 120ಕ್ಕೆ ಇಳಿಸುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ (ಮನೆಯ ಲೈನಿನಿಂದ ಚಾಸಿಯನ್ನು ಬೇರ್ಪಡಿಸುವಂಥದ್ದು) ಕಡ್ಡಾಯ. ಆಟೊ ಟ್ರಾನ್ಸ್‌ಫಾರ್ಮರ್ ಹಾಕಿದರೆ ಚಾಸಿಯೇ ಶಾಕ್ ಹೊಡೆಯುತ್ತದೆ.

ಪರದೆಯ ನಡುವೆ ಅಡ್ಡ ಗೆರೆ ಒಂದೇ ಇದ್ದರೆ ವರ್ಟಿಕಲ್ ವಿಭಾಗ ಸತ್ತಿದೆ. ಮೊದಲು ಬ್ರೈಟ್‌ನೆಸ್ ಇಳಿಸಿ, ಇಲ್ಲದಿದ್ದರೆ ಫಾಸ್ಫರ್ ಸುಟ್ಟು ಆ ಗೆರೆ ಶಾಶ್ವತವಾಗುತ್ತದೆ. ಮೇಲ್ಭಾಗ ಮಡಚಿದಂತಿದ್ದರೆ ಅದೇ ವಿಭಾಗದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳನ್ನು ಬದಲಿಸಿ: ಮೈಕ್ರೋಫ್ಯಾರಡ್ ಅದೇ, ವೋಲ್ಟ್ ಅಷ್ಟೇ ಅಥವಾ ಹೆಚ್ಚು, 105 ಡಿಗ್ರಿಯವು. ಒಂದು ಬಣ್ಣ ಇಲ್ಲದಿದ್ದರೆ ಗೇಮ್ ಬೋರ್ಡಿನ ಜಾಮಾ ಕನೆಕ್ಟರ್‌ನಿಂದ ಮಾನಿಟರ್‌ಗೆ ಬರುವ ಆ ಬಣ್ಣದ ವೈರನ್ನೂ ಇನ್ನೊಂದು ಬಣ್ಣದ ವೈರನ್ನೂ ಅದಲುಬದಲು ಮಾಡಿ ನೋಡಿ. ಕಾಣೆಯಾಗುವ ಬಣ್ಣವೂ ಬದಲಾದರೆ ದೋಷ ಗೇಮ್ ಬೋರ್ಡ್ ಅಥವಾ ವೈರಿನದು, ಬದಲಾಗದಿದ್ದರೆ ಮಾನಿಟರ್‌ನದು.

ಏಪ್ರಿಲ್‌ನ ಹೂಮಳೆಗೆ ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತುಬಿಡಿ, ಸ್ವಿಚ್ ಆರಿಸಿದರೆ ಸಾಲದು. ಜೂನ್‌ನಿಂದ ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬ ಕಳೆಯುವವರೆಗೆ ಕ್ಯಾಬಿನೆಟ್ಟಿನ ತಳದಲ್ಲಿ, ಮರಕ್ಕೂ ವೈರಿಗೂ ತಾಗದಂತೆ, 15 ವಾಟ್ ಝೀರೋ ಬಲ್ಬ್ ಉರಿಯಲಿ. ಹಿಂಬಾಗಿಲಿನ ಗಾಳಿಕಿಂಡಿ ಮುಚ್ಚಬೇಡಿ, ವಾರಕ್ಕೊಮ್ಮೆ ಒಂದು ಗಂಟೆ ಆಟ ಓಡಿಸಿ.