ತೆರೆ ಇಲ್ಲದೆಯೂ ನಿಲ್ಲುವ ಸಿನಿಮಾ ಸಂಗೀತ

ಸಿನಿಮಾದಿಂದ ಪ್ರೇರಣೆ ಪಡೆದು ಚೇಂಬರ್ ಸಂಗೀತ (ಕೆಲವೇ ವಾದಕರಿಗೆಂದು ರಚಿಸುವ ಪಾಶ್ಚಾತ್ಯ ಸಂಗೀತ) ಬರೆಯಲು ಹೊರಟವರು ಮೊದಲು ಕೇಳಬೇಕಾದದ್ದು ಸಂಗೀತ ರಚನಕಾರ ಹಾನ್ಸ್ ಐಸ್ಲರ್ 1941ರಲ್ಲಿ ಬರೆದ ‘ಮಳೆಯನ್ನು ಬಣ್ಣಿಸುವ ಹದಿನಾಲ್ಕು ಬಗೆ’. ಡಚ್ ನಿರ್ದೇಶಕ ಯೋರಿಸ್ ಇವೆನ್ಸ್‌ರ 1929ರ ‘ಮಳೆ’ ಎಂಬ ಪುಟ್ಟ ಮೂಕಿಚಿತ್ರಕ್ಕೆ ಹೊಸೆದದ್ದು. ಫ್ಲೂಟ್, ಕ್ಲಾರಿನೆಟ್, ಚೆಲ್ಲೊ, ಪಿಯಾನೊ, ಜೊತೆಗೆ ವಯೋಲವನ್ನೂ (ಪಿಟೀಲಿಗಿಂತ ತುಸು ದೊಡ್ಡ, ತಗ್ಗಿನ ದನಿಯ ವಾದ್ಯ) ನುಡಿಸುವ ಒಬ್ಬ ಪಿಟೀಲುವಾದಕ, ಐದೇ ಜನ. ಚಿತ್ರ ನೋಡದೆ ಕೇಳಿದರೂ ಕೃತಿ ಒಂದಿಷ್ಟೂ ಸೊರಗುವುದಿಲ್ಲ.

ಸಾಮಾನ್ಯವಾಗಿ ಕೆಡುವುದು ಪ್ರತಿ ಕಟ್‌ಗೂ (ಒಂದು ಶಾಟ್ ಮುಗಿದು ಇನ್ನೊಂದು ಶುರುವಾಗುವ ಜಾಗ) ಒಂದು ಪೆಟ್ಟು ಕೂರಿಸಲು ಹೋದಾಗ. ಸೆಕೆಂಡಿಗೆ 24 ಫ್ರೇಮ್ ಓಡುವ ಚಿತ್ರದಲ್ಲಿ, ನಿಮಿಷಕ್ಕೆ 120 ಬೀಟ್ (ತಾಳದ ಪೆಟ್ಟು) ವೇಗವಿದ್ದರೆ ಒಂದು ಬೀಟ್‌ಗೆ 12 ಫ್ರೇಮ್, ನಾಲ್ಕು ಬೀಟ್‌ನ ಬಾರ್‌ಗೆ, ಅಂದರೆ ತಾಳದ ಒಂದು ಸುತ್ತಿಗೆ, ಎರಡು ಸೆಕೆಂಡ್. ಏಳನೇ ಸೆಕೆಂಡಿನ ಕಟ್ ನಾಲ್ಕನೇ ಬಾರ್‌ನ ಮೂರನೇ ಬೀಟ್ ಮೇಲೆ ಬೀಳುತ್ತದೆ. ಅದಕ್ಕೋಸ್ಕರ ಬಾರ್ ತುಂಡರಿಸಿದರೆ ರಾಗದ ಎಳೆ ಅಲ್ಲೇ ಹರಿಯುತ್ತದೆ. ಬದಲಿಗೆ ಶಾಟ್‌ಗಳ ಅಳತೆಯನ್ನೇ ರಚನೆಗೆ ತನ್ನಿ: ಶಾಟ್‌ಗಳು 8, 6, 4 ಸೆಕೆಂಡ್ ಎಂದು ಕುಗ್ಗುತ್ತಿದ್ದರೆ ಸ್ವರವಾಕ್ಯಗಳು 4, 3, 2 ಬಾರ್ ಆಗಲಿ. ಚಿತ್ರದ ಬಿಗಿ ಆಗ ಚಿತ್ರವಿಲ್ಲದೆಯೂ ಕಿವಿಗೆ ತಾಗುತ್ತದೆ.

ಮಳೆಹನಿಗೆ ಪಿಟ್ಸಿಕಾಟೊ (ಬಿಲ್ಲು ಬಿಟ್ಟು ಬೆರಳಿನಿಂದ ತಂತಿ ಮೀಟುವುದು) ಎಲ್ಲರಿಗೂ ಹೊಳೆಯುತ್ತದೆ. ಆದರೆ ಈ ವೇಗದಲ್ಲಿ ಬೀಟ್‌ಗೆ ನಾಲ್ಕು ಸ್ವರ ಮೀಟುತ್ತಾ ಹೋದರೆ ಕೆಲವೇ ಬಾರ್‌ಗಳಲ್ಲಿ ಬೆರಳು ಸೋಲುತ್ತದೆ, ತಾಳ ಒರಟಾಗುತ್ತದೆ. ಪಿಟೀಲಿಗೂ ಚೆಲ್ಲೊಗೂ ಸ್ವರ ಬಿಟ್ಟು ಸ್ವರ ಹಂಚಿಬಿಡಿ. ದಟ್ಟಣೆ ಅಷ್ಟೇ ಇರುತ್ತದೆ, ದಣಿವು ಅರ್ಧ. ಮ್ಯೂಟ್ (ತಂತಿವಾದ್ಯದ ದನಿ ತಗ್ಗಿಸುವ ಪುಟ್ಟ ಸಾಧನ) ಹಾಕಲು ಎರಡು-ಮೂರು ಸೆಕೆಂಡ್ ವಿರಾಮ ಬೇಕು. ಪಿಟೀಲು ಇಟ್ಟು ವಯೋಲ ಎತ್ತಿಕೊಳ್ಳಲು ಇನ್ನೂ ಧಾರಾಳವಾಗಿ ಕೊಡಿ. ಅವಸರದಲ್ಲಿ ಎತ್ತಿಕೊಂಡ ವಾದ್ಯದ ಮೊದಲ ಸ್ವರ ಶ್ರುತಿ ತಪ್ಪುವುದೇ ಹೆಚ್ಚು.

ಪಿಯಾನೊ ಬಗ್ಗೆ ಎಚ್ಚರ. ಅದರ ನಡುಸ್ಥಾಯಿಯ ತುಂಬು ಕಾರ್ಡ್‌ಗಳು (ಒಟ್ಟಿಗೇ ನುಡಿಸುವ ಹಲವು ಸ್ವರಗಳು) ವಯೋಲವನ್ನು ನುಂಗಿಬಿಡುತ್ತವೆ. ಚೆಲ್ಲೊದ ತಳದ ತಂತಿ ಸುಮಾರು 65 ಹರ್ಟ್ಸ್. ಅದೇ ಆಳದಲ್ಲಿ ಪಿಯಾನೊ ವಾದಕರ ಎಡಗೈ ಒತ್ತೊತ್ತಾದ ಸ್ವರ ಹಿಡಿದರೆ ಉಪಸ್ವರಗಳು (ಪ್ರತಿ ಸ್ವರದ ಜೊತೆ ಹೊಮ್ಮುವ ಮೇಲಿನ ಸ್ವರಗಳು) ಒಂದರ ಮೇಲೊಂದು ಹತ್ತಿ ಕೆಸರಾಗುತ್ತದೆ. ಎಡಗೈಗೆ ಒಂದೇ ಸ್ವರ, ಇಲ್ಲವೇ ಆಕ್ಟೇವ್ (ಅದೇ ಸ್ವರ ಎರಡು ಸ್ಥಾಯಿಗಳಲ್ಲಿ) ಸಾಕು. ಫ್ಲೂಟ್‌ನ ಕೆಳಸ್ಥಾಯಿ ಕ್ಷೀಣ, ಹಾಗಾಗಿ ತಗ್ಗಿನ ರಾಗವನ್ನು ಕ್ಲಾರಿನೆಟ್‌ಗೆ ಕೊಡುವುದೇ ಸರಿ.

ಬರೆದು ಮುಗಿದ ಮೇಲೆ ಚಿತ್ರ ನೋಡಿರದವರಿಗೆ ಕೇಳಿಸಿ. ಅವರ ಗಮನ ಜಾರುವ ಜಾಗದಲ್ಲಿ ಬಹುಪಾಲು ಶಾಟ್‌ನ ಹೊತ್ತು ತುಂಬಿಸಲು ಬರೆದ ಬಾರ್‌ಗಳಿರುತ್ತವೆ. ಅವನ್ನು ತೆಗೆದು, ವೇದಿಕೆಗೆಂದೇ ಬೇರೆ ಪ್ರತಿ ಮಾಡಿಟ್ಟುಕೊಳ್ಳಿ.