ಎರಡು ಇಂಚು ಬಿಚ್ಚಿದೆ

ಹೋದ ವಾರ ನನ್ನದೇ ಪ್ಯಾಂಟಿನ ಹಿಂದಿನ ಹೊಲಿಗೆ ಬಿಚ್ಚಿ ಎರಡು ಇಂಚು ಸಡಿಲ ಮಾಡಿಕೊಂಡೆ. ಹಾಸನದ ಮಹಾರಾಜ ಪಾರ್ಕ್ ಹತ್ತಿರ ಟೈಲರ್ ಅಂಗಡಿ ಇಟ್ಟು 22 ವರ್ಷ ಆಯ್ತು. ಊರವರ ಸೊಂಟವೆಲ್ಲ ಅಳೆದಿದ್ದೇನೆ, ನನ್ನದನ್ನು ಅಳೆದದ್ದು ಕಡಿಮೆ.

ಸಿಗರೇಟು ಬಿಟ್ಟು 14 ತಿಂಗಳು. 63 ಕೆಜಿ ಇದ್ದವನು 69 ಆಗಿದ್ದೇನೆ.

ಈ ಚಟ ಅಂಟಿದ್ದು ಅರಕಲಗೂಡು ಕಡೆಯ ನಮ್ಮೂರಲ್ಲಿ. ಅಪ್ಪ ಹೊಗೆಸೊಪ್ಪು ಬೆಳೆದು ರಾಮನಾಥಪುರದ ಹರಾಜಿಗೆ ಒಯ್ಯುತ್ತಿದ್ದರು. ರಾತ್ರಿಯೆಲ್ಲ ಸೊಪ್ಪು ಒಣಗಿಸುವ ಬ್ಯಾರನ್ನಿಗೆ ಸೌದೆ ಹಾಕುತ್ತ ಕೂರಬೇಕು. "ಒಂದು ದಮ್ಮು ಎಳಿ, ಹಸಿವು ಗೊತ್ತಾಗಲ್ಲ" ಎಂದು ದೊಡ್ಡವರೇ ಬೀಡಿ ಕೊಟ್ಟರು. ಅವರು ಹೇಳಿದ್ದು ಸುಳ್ಳೇನಲ್ಲ. ನಿಕೋಟಿನ್ ಮೆದುಳಿಗೆ ಹೋಗಿ ಹಸಿವನ್ನು ಅಡಗಿಸುತ್ತದೆ, ಸುಮ್ನೆ ಕೂತರೂ ಮೈ ಸ್ವಲ್ಪ ಜಾಸ್ತಿ ಶಕ್ತಿ ಸುಡುವಂತೆ ಮಾಡುತ್ತದೆ. ಬಿಟ್ಟ ಮೇಲೆ ಎರಡೂ ಇಲ್ಲ. ಮೊದಲ ವರ್ಷ ಸರಾಸರಿ ನಾಲ್ಕೈದು ಕೆಜಿ ಏರುತ್ತದಂತೆ, ಅದರಲ್ಲೂ ಮೊದಲ ಮೂರು ತಿಂಗಳಲ್ಲೇ ಜಾಸ್ತಿ. ಕೆಲವರು ಇಳಿಯುವುದೂ ಉಂಟು. ಆ ಪುಣ್ಯ ನನಗಿಲ್ಲ.

ಮೊದಲೆಲ್ಲ ಬೆಳಿಗ್ಗೆ ಎರಡು ಸಿಗರೇಟು, ಟೀ, ಅಷ್ಟೇ. ಹನ್ನೊಂದರವರೆಗೆ ತಿಂಡಿ ನೆನಪಾಗುತ್ತಿರಲಿಲ್ಲ. ಈಗ ಮೂರು ಅಕ್ಕಿ ರೊಟ್ಟಿ ಇಳಿಯುತ್ತವೆ. "ಇಷ್ಟು ವರ್ಷ ನನ್ನ ಹುಚ್ಚೆಳ್ಳು ಚಟ್ನಿ ರುಚಿನೇ ಗೊತ್ತಾಗಿರಲಿಲ್ವಾ ನಿಮ್ಗೆ?" ಎಂದಳು ಹೆಂಡತಿ. ನಿಜವಾಗಿಯೂ ಗೊತ್ತಾಗಿರಲಿಲ್ಲ.

ಅಂಗಡಿಗೆ ಬಂದವರದ್ದು ಒಂದೇ ಮಾತು: "ಏನಣ್ಣ, ಊದಿಕೊಂಡಿದ್ದೀಯ! ಒಂದೆರಡು ಸೇದು, ಇಳಿಯುತ್ತೆ." ತಲೆ ಕೆಟ್ಟು ಹಳೇ ಅಳತೆ ಪುಸ್ತಕ ತೆಗೆದೆ. ದಿನಕ್ಕೆ ಹನ್ನೆರಡು ಸೇದುವಾಗಲೂ ನನ್ನ ಸೊಂಟ 34 ಇತ್ತು. ತೋಳು ಕಡ್ಡಿ, ಹೊಟ್ಟೆ ಮಾತ್ರ ಮುಂದೆ. ನನ್ನ ಎಷ್ಟೋ ಸೇದುವ ಗಿರಾಕಿಗಳದ್ದೂ ಇದೇ ಅಳತೆ! ಒಂದೇ ತೂಕದವರಲ್ಲಿ ಸೇದುವವರಿಗೇ ಹೊಟ್ಟೆಯ ಸುತ್ತ ಕೊಬ್ಬು ಜಾಸ್ತಿ ಎಂದು ಆಮೇಲೆ ಓದಿದೆ. ತೆಳ್ಳಗಿದ್ದೇನೆ ಎಂದು ಇಷ್ಟು ವರ್ಷ ಬೀಗಿದ್ದು ತಕ್ಕಡಿ ನೋಡಿಕೊಂಡು, ಟೇಪು ನೋಡಿ ಅಲ್ಲ.

ಈಗ ಸಂಜೆ ಅಂಗಡಿ ಮುಚ್ಚಿ ಪಾರ್ಕಿನಲ್ಲಿ ಎರಡು ಸುತ್ತು ಹಾಕುತ್ತೇನೆ. ಮೊದಲು ಅರ್ಧ ಸುತ್ತಿಗೇ ಏದುಸಿರು. ಆರು ತಿಂಗಳಿಂದ ತೂಕ 69ರಲ್ಲೇ ನಿಂತಿದೆ. ಪ್ಯಾಂಟಿನ ಒಳಗೆ ಇನ್ನೂ ಅರ್ಧ ಇಂಚು ಬಟ್ಟೆ ಉಳಿದಿದೆ, ಅದನ್ನು ಕತ್ತರಿಸಿಲ್ಲ.